ಫೋಟೋದವನು ಇಳಿದು ಬಂದ ಅವರೆಕಾಯಿ ಕಾಲ

ಧನ್ಯಾ, ಪ್ರೀತಮ್, ಇದು ನಿಮ್ಮಿಬ್ಬರಿಗೂ. ಪ್ರೀತಮ್‌ಗೆ ಒತ್ತಕ್ಷರ ಇನ್ನೂ ಸರಿಯಾಗಿ ಬರುವುದಿಲ್ಲ. ಧನ್ಯಾ ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಲಿ.

ಹೋದ ಭಾನುವಾರ ನಿಟ್ಟೂರಿನ ನಿಮ್ಮ ಮನೆಯ ಜಗಲಿಯ ಮೇಲೆ ಎಲ್ಲರೂ ಅವರೆಕಾಳು ಹಿತಕುತ್ತಾ ಕೂತಿದ್ದೆವು. ನೆನೆದ ಕಾಳನ್ನು ಎರಡು ಬೆರಳಿನ ನಡುವೆ ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಪುಳಕ್ಕನೆ ಹಾರುತ್ತದೆ. ಪ್ರೀತಮ್ ಒತ್ತಿದ ಬೇಳೆ ಪಾತ್ರೆಗೆ ಬೀಳದೆ ನನ್ನ ಮಡಿಲಿಗೆ ಬಿತ್ತು. ಅದನ್ನು ಹೆಕ್ಕಿಕೊಳ್ಳಲು ಬಂದವನು ನನ್ನ ಮುಖವನ್ನೇ ನೋಡುತ್ತಾ ಕೇಳಿದ:

"ಅಜ್ಜಿ, ನೀನು ನಮ್ಮಪ್ಪಂಗೂ ಅಮ್ಮ ಅಲ್ಲ, ನಮ್ಮಮ್ಮಂಗೂ ಅಮ್ಮ ಅಲ್ಲ. ಮತ್ತೆ ನಂಗೆ ಹೆಂಗೆ ಅಜ್ಜಿ?"

ನಿಮ್ಮ ಅಮ್ಮ ಸವಿತಾ ತಲೆ ಎತ್ತಲಿಲ್ಲ. ನಿಮ್ಮ ಅಪ್ಪ ಚಂದ್ರು, ರಿಪೇರಿಗೆ ಬಂದಿದ್ದ ಮೋಟಾರಿನ ತಂತಿ ಬಿಚ್ಚುತ್ತಿದ್ದವರು, ಸುಮ್ಮನೆ ನಕ್ಕರು. ನಾನು, "ಬೇಳೆ ನೋಡ್ಕೊಂಡು ಹಿತುಕು ಮಗ" ಅಂದುಬಿಟ್ಟೆ.

ನಾನು ಚಿಕ್ಕಂದಿನಿಂದ ಹಾಗೆಯೇ. ಹುತ್ರಿದುರ್ಗದ ಬೆಟ್ಟದ ಕೆಳಗಿನ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಲು ಬಾಯಿ ಬರುತ್ತಿರಲಿಲ್ಲ. ಸ್ಲೇಟಿನಲ್ಲಿ ಬರೆದು ಮೇಲೆತ್ತಿ ತೋರಿಸುತ್ತಿದ್ದೆ. ಇದನ್ನೂ ಅಂಥದ್ದೇ ಒಂದು ಸ್ಲೇಟು ಅಂದುಕೊಳ್ಳಿ.

ಅವತ್ತು ಸಂಜೆ ರೈಲಿನಲ್ಲಿ ತುಮಕೂರಿಗೆ ವಾಪಸು ಬರುತ್ತಾ ಬೆರಳು ಮೂಸಿಕೊಂಡೆ. ಸೋಪು ಹಾಕಿ ತೊಳೆದಿದ್ದರೂ ಅವರೆಯ ಸೊಗಡು ಹೋಗಿರಲಿಲ್ಲ. ಕಿಟಕಿಯ ಆಚೆ ತೆಂಗಿನ ತೋಟಗಳ ಮೇಲೆ ತೆಳ್ಳಗೆ ಮಂಜು ಇಳಿಯುತ್ತಿತ್ತು. ಗುಬ್ಬಿ ಸ್ಟೇಷನ್ ಬಂದು ಹೋದದ್ದು ಗೊತ್ತಾಗಲಿಲ್ಲ. ನಾನು ಎಂಟು ವರ್ಷದ ಹಿಂದಿನ ಒಂದು ಅವರೆಕಾಯಿ ಕಾಲದೊಳಗೆ ಕೂತುಬಿಟ್ಟಿದ್ದೆ. ಧನ್ಯಾಗೆ ಆಗ ನಾಲ್ಕು ವರ್ಷ. ಪ್ರೀತಮ್ ಹುಟ್ಟಿರಲಿಲ್ಲ. ಹುಟ್ಟುತ್ತಾನೋ ಇಲ್ಲವೋ ಎನ್ನುವುದೇ ಆ ಒಂದು ತಿಂಗಳಲ್ಲಿ, ಟಿವಿಯ ಮುಂದೆ, ತೀರ್ಮಾನವಾಯಿತು.

ಆಗ ತುಮಕೂರಿನ ಉಪ್ಪಾರಹಳ್ಳಿಯ ಮನೆಯಲ್ಲಿ ನಾವು ಮೂವರೇ ಇದ್ದೆವು. ನಾನು, ಸೊಸೆ ಸವಿತಾ, ಧನ್ಯಾ. ನನ್ನ ಮಗ ಮಹೇಶ, ಧನ್ಯಾಳ ಅಪ್ಪ, ಹೈವೇಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ಎರಡು ವರ್ಷವಾಗಿತ್ತು. ಟಿವಿಯ ಮೇಲಿನ ಗೋಡೆಯಲ್ಲಿ ಅವನ ಫೋಟೋ ಇತ್ತು. ಸವಿತಾ ಪೇಟೆಯಲ್ಲಿ ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಳು. ಬೆಳಿಗ್ಗೆ ಹೋದರೆ ಸಂಜೆ ಆರಕ್ಕೆ ಬರುತ್ತಿದ್ದಳು. ನಾವಿಬ್ಬರೂ ಒಂದು ದಿನವೂ ಜಗಳ ಆಡಿದವರಲ್ಲ. ಮನಸ್ಸು ಬಿಚ್ಚಿ ಮಾತಾಡಿದವರೂ ಅಲ್ಲ. ಸಾರಿಗೆ ಉಪ್ಪು ಸಾಕಾ, ನೀರು ಬಂತಾ, ಮಗು ಉಂಡಿತಾ, ಇಷ್ಟರಲ್ಲೇ ಎರಡು ವರ್ಷ ಕಳೆದಿದ್ದೆವು.

ಏಳೂವರೆಗೆ ಧಾರಾವಾಹಿ. ಏಳು ಗಂಟೆಗೇ ಪಕ್ಕದ ಮನೆಯ ರತ್ನಮ್ಮ ಮೊರ ಹಿಡಿದುಕೊಂಡು ಬರುತ್ತಿದ್ದಳು. ಅವಳೂ ನಮ್ಮ ಕುಣಿಗಲ್ ಕಡೆಯವಳೇ, ಆದರೆ ಬಾಯಿ ಮಾತ್ರ ನನ್ನ ಪಾಲಿನದನ್ನೂ ಸೇರಿಸಿಕೊಂಡು ಹುಟ್ಟಿದ್ದಳು. ಎದುರು ಮನೆಯ ಷಮೀಮ್ ಬರುತ್ತಿದ್ದಳು. ಅವಳ ಗಂಡನದು ಬಳೆ ಅಂಗಡಿ. ಮೂರು ಮನೆಯ ನೆನೆಹಾಕಿದ ಕಾಳೂ ನಮ್ಮ ಹಜಾರದಲ್ಲಿ ಒಂದೇ ದೊಡ್ಡ ಪಾತ್ರೆಗೆ ಬೀಳುತ್ತಿತ್ತು. ಕಣ್ಣು ಟಿವಿಯ ಮೇಲೆ, ಬೆರಳು ಪಾತ್ರೆಯ ಒಳಗೆ. ನಮ್ಮಲ್ಲಿ ಯಾರೂ ಕೈ ನೋಡಿಕೊಂಡು ಹಿತಕುತ್ತಿರಲಿಲ್ಲ. ಕಥೆ ನಡೆಯುವಾಗ ಬೇಳೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಜಾಹೀರಾತು ಬಂದ ಕೂಡಲೇ ಮೂರು ದಿನದ ಮಾತು ಒಟ್ಟಿಗೆ ಹೊರಗೆ ಬರುತ್ತಿತ್ತು.

ಕಥೆಯ ಹುಡುಗಿಯ ಹೆಸರು ಮೈಥಿಲಿ. ಚಿಕ್ಕ ವಯಸ್ಸಿಗೇ ಗಂಡ ಹೊಳೆಯಲ್ಲಿ ಕೊಚ್ಚಿಹೋಗಿದ್ದಾನೆ, ಒಂದು ಗಂಡು ಮಗು ಇದೆ. ಉಳಿದವರ ಹೆಸರು ನಮಗೆ ನಿಲ್ಲುತ್ತಿರಲಿಲ್ಲ. ಅವಳನ್ನು ಮದುವೆಯಾಗಲು ಕಾದಿದ್ದವರು ಇಬ್ಬರು. ಕಂಪನಿ ಇದ್ದವನನ್ನು ನಾವು ಕಾರಿನವನು ಅನ್ನುತ್ತಿದ್ದೆವು. ಹಳ್ಳಿ ಶಾಲೆಯವರನ್ನು ಮೇಷ್ಟ್ರು ಅನ್ನುತ್ತಿದ್ದೆವು. ಸತ್ತ ಗಂಡ ಹಾರ ಹಾಕಿದ ಫೋಟೋದಲ್ಲಿ ಮಾತ್ರ ಕಾಣುತ್ತಿದ್ದ. ಅವನು ಫೋಟೋದವನು.

"ಕಾರಿನವ್ನು ಅಂದ್ರೆ ಕಾರಿನವ್ನೇ ಕಣೇ," ರತ್ನಮ್ಮ ಅನ್ನುತ್ತಿದ್ದಳು. "ಮೇಷ್ಟ್ರನ್ನ ಕಟ್ಕೊಂಡು ಅವ್ಳು ಆ ಮುರುಕಲು ಸೈಕಲ್ ಮೇಲೆ ಕೂತ್ಕೊಂಡು ಹೋಗ್ಬೇಕಾ?"

"ಸೈಕಲ್ ಆದ್ರೇನು ರತ್ನಮ್ಮ? ಮಗೂನ ಮುಂದ್ಗಡೆ ಕೂರಿಸ್ಕೊಂಡು ಹೋಗ್ತಾರಲ್ಲ. ನಿಮ್ಮ ಕಾರ್ನೋನು ಒಂದ್ಸಲ ಆದ್ರೂ ಮಗೂನ ಮಾತಾಡ್ಸಿದಾನಾ?" ಅಂತ ಷಮೀಮ್.

"ಅವ್ನಿಗೆ ಟೈಮ್ ಎಲ್ಲೈತೆ? ಕಂಪ್ನಿ ನೋಡ್ಕಬೇಕು."

"ಅರೆ, ಯಾವ ಕಂಪ್ನಿ? ಮೂರು ತಿಂಗ್ಳಿಂದ ಅದೇ ಒಂದು ಫೈಲ್ ಹಿಡ್ಕೊಂಡು ಅದೇ ಮೆಟ್ಲು ಇಳೀತಾ ಇದಾನೆ!"

ಮುಂದೇನಾಗುತ್ತದೆ ಎಂದು ಇಬ್ಬರೂ ಪಣ ಕಟ್ಟುತ್ತಿದ್ದರು. ಸೋತವರು ಎಲ್ಲರ ಸಿಪ್ಪೆಯನ್ನೂ ಬೀದಿಯ ಕೊನೆಯ ಹಸುವಿಗೆ ಹಾಕಿ ಬರಬೇಕು. ಮೈಥಿಲಿಗೆ ತಲೆಗೆ ಪೆಟ್ಟು ಬಿದ್ದು ಎಲ್ಲಾ ಮರೆತುಹೋಗುತ್ತದೆ ಎಂದು ರತ್ನಮ್ಮ. ಮೇಷ್ಟ್ರೇ ನಿಜವಾಗಿ ದೊಡ್ಡ ಆಸ್ತಿಯ ಮಗ ಎಂದು ಷಮೀಮ್. ನಾನು ಯಾರ ಕಡೆಯೂ ಇರಲಿಲ್ಲ. ಸವಿತಾ ಒಳಗೆ ಒಗ್ಗರಣೆ ಹಾಕುತ್ತಾ ಕಿವಿಯಲ್ಲೇ ಧಾರಾವಾಹಿ ನೋಡುತ್ತಿದ್ದಳು. ಧನ್ಯಾ ಸಿಪ್ಪೆಗಳನ್ನು ಬೆರಳ ತುದಿಗೆ ಟೋಪಿ ಮಾಡಿ ಹಾಕಿಕೊಂಡು ಆಡುತ್ತಿದ್ದಳು. ಆ ಹಜಾರ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಟಿವಿಯ ನೀಲಿ ಬೆಳಕು ಬೇಳೆಯ ಮೇಲೆ ಬಿದ್ದು, ಪಾತ್ರೆಯ ತುಂಬ ಸಣ್ಣ ಸಣ್ಣ ಮೀನು ಹೊರಳಿದ ಹಾಗೆ ಕಾಣುತ್ತದೆ.

ಆ ವರ್ಷ ಶುರುವಿನಲ್ಲಿ ನಮ್ಮ ಮನೆಗೆ ಅವರೆಕಾಯಿ ಕೊಂಡದ್ದೇ ಇಲ್ಲ. ವಾರಕ್ಕೆರಡು ಸಲ ಸವಿತಾಳೇ ಒಂದು ಬಟ್ಟೆ ಚೀಲ ತರುತ್ತಿದ್ದಳು. ಮಂಜು ಬಿದ್ದು ಸೊಗಡು ಕಟ್ಟಿದ, ಕೈಗೆ ಅಂಟುವ ಕಾಯಿ. ಜೊತೆಗೆ ಸಿಪ್ಪೆ ಹೆರೆದು ಕಾಗದದಲ್ಲಿ ಸುತ್ತಿದ ಒಂದು ಕಬ್ಬಿನ ತುಂಡು, ಮಗುವಿನ ಹಲ್ಲಿಗೆ ಆಗುವಷ್ಟೇ ಗಾತ್ರದ್ದು. ಯಾರು ಕೊಟ್ಟರು ಅಂದರೆ, "ಅಂಗ್ಡಿಗೆ ಬರೋರು ಕೊಟ್ರು ಅತ್ತೆ" ಅನ್ನುತ್ತಿದ್ದಳು. ಒಳ್ಳೆಯ ಗಿರಾಕಿ ಅಂದುಕೊಂಡೆ.

ಒಂದು ಬೆಳಿಗ್ಗೆ ನಲ್ಲಿ ನೀರು ಹಿಡಿಯುವಾಗ ರತ್ನಮ್ಮ ಕೊಡ ಪಕ್ಕಕ್ಕಿಟ್ಟು ಹೇಳಿದಳು.

"ಜಯಕ್ಕ, ಸಿಟ್ಟಾಗ್ಬ್ಯಾಡ. ಆ ಅವರೆಕಾಯಿ ನಿಟ್ಟೂರಿಂದು. ಚಂದ್ರು ಅಂತ, ಮೋಟಾರ್ ರಿಪೇರಿ ಅಂಗ್ಡಿ ಇಟ್ಕೊಂಡವ್ನೆ, ತಂತಿ ತಗೊಳಾಕೆ ಸವಿತಾ ಅಂಗ್ಡಿಗೆ ಬತ್ತಾನೆ. ನಮ್ಮೋರೇ. ತಂಗೀರ ಮದ್ವೆ ಮಾಡೋದ್ರಲ್ಲೇ ಅವ್ನಿಗೆ ವಯಸ್ಸಾಗೋಯ್ತು. ಸವಿತಾನ ಕೇಳಿ ಅವ್ರ ತಾಯಿ ನನ್ ಹತ್ರ ಹೇಳಿ ಕಳ್ಸವ್ರೆ. ಮಗೂನೂ ಜೊತೇಲೇ ಬರ್ಲಿ ಅಂದವ್ರೆ."

"ಸವಿತಾ ಏನಂದ್ಳು?"

"ಅತ್ತೆ ಏನಂತಾರೋ ಅದೇ ಅಂದ್ಳು. ನಿಂಗೆ ಹೇಳಾಕೆ ಅವ್ಳಿಗೆ ಬಾಯಿಲ್ಲ. ಸಂಕ್ರಾಂತಿಯೊಳ್ಗೆ ಒಂದು ಮಾತು ಹೇಳ್ಬೇಕಂತೆ ಕಣಕ್ಕ."

ಕೊಡ ತುಂಬಿ ನೀರು ಕಾಲ ಮೇಲೆ ಹರಿಯುತ್ತಿತ್ತು. ನನ್ನ ತಲೆಯಲ್ಲಿ ಒಂದೇ ಮಾತು. ಮಗೂನೂ ಜೊತೆಯಲ್ಲೇ. ಧನ್ಯಾ, ನಿನ್ನ ಕೈ ನನ್ನ ಹೊಟ್ಟೆಯ ಮೇಲೆ ಇಲ್ಲದಿದ್ದರೆ ಆಗ ನನಗೆ ನಿದ್ದೆ ಬರುತ್ತಿರಲಿಲ್ಲ.

ನಾನು ಸವಿತಾಳನ್ನು ಕರೆದು ಕೂರಿಸಿಕೊಂಡು ಕೇಳಬೇಕಿತ್ತು. ಕೇಳಲಿಲ್ಲ. ಅವಳೂ ಹೇಳಲಿಲ್ಲ. ಚೀಲ ಮಾತ್ರ ಬರುತ್ತಲೇ ಇತ್ತು. ಆಮೇಲೆ ಧಾರಾವಾಹಿಯ ಮಾತು ಬೇರೆಯೇ ಆಯಿತು. ರತ್ನಮ್ಮ ಎರಡೇ ದಿನದಲ್ಲಿ ಕಾರಿನವನನ್ನು ಬಿಟ್ಟು ಮೇಷ್ಟ್ರ ಕಡೆ ಬಂದಳು. "ಎಷ್ಟು ದಿನ ಅಂತ ಒಂಟಿಯಾಗಿ ಇರ್ತಾಳೆ ಆ ಮೈಥಿಲಿ?" ಅನ್ನುವಳು, ನನ್ನ ಕಡೆ ಒಂದು ಕಣ್ಣು. "ಮೇಷ್ಟ್ರು ಒಳ್ಳೇವ್ರು. ಮಗೂಗೆ ಏನಾದ್ರೂ ತರ್ದೆ ಬರಲ್ಲ" ಅನ್ನುವಳು ಷಮೀಮ್, ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಾ. ಒಳಗೆ ಸೌಟಿನ ಸದ್ದು ನಿಧಾನವಾಗುತ್ತಿತ್ತು. ನಾನು ಕೈಯಲ್ಲಿದ್ದ ಕಾಳನ್ನು ಒತ್ತುತ್ತಿದ್ದೆ. ಅದೂ ನಿಟ್ಟೂರಿನದೇ.

ಒಂದು ಸಂಜೆ ಜಾಹೀರಾತು ಬಂತು. ಷಮೀಮ್ ನೇರವಾಗಿ ಕೇಳಿಯೇಬಿಟ್ಟಳು.

"ಜಯಕ್ಕ, ನೀವೊಬ್ರು ಬಾಯೇ ಬಿಡಲ್ಲ. ಇವತ್ತು ಹೇಳ್ಲೇಬೇಕು. ಮೇಷ್ಟ್ರಾ, ಕಾರ್ನೋನಾ?"

ಎಂದೂ ಮಾತಾಡದವಳು ನಾನು. ಅವತ್ತು ಬಾಯಿ ತಾನಾಗಿ ತೆರೆಯಿತು.

"ಇಬ್ರೂ ಬ್ಯಾಡ. ಮಗು ಐತಲ್ಲ, ಮಗು ಮುಖ ನೋಡ್ಕೊಂಡು ಇರ್ಲಿ."

ಒಳಗೆ ಸೌಟಿನ ಸದ್ದು ನಿಂತಿತು. ರತ್ನಮ್ಮ ಟಿವಿಯ ಕಡೆ ತಿರುಗಿದಳು. ಜಾಹೀರಾತಿನಲ್ಲಿ ಯಾರೋ ಬಟ್ಟೆ ಒಗೆದು ನಗುತ್ತಿದ್ದರು.

ಆ ಮಾತು ನನ್ನದಾಗಿರಲಿಲ್ಲ. ಮಹೇಶ ಆರು ವರ್ಷದವನಿದ್ದಾಗ ನಿಮ್ಮ ತಾತ ತೀರಿಕೊಂಡರು. ಆಗ ನನ್ನ ಅತ್ತೆ ಎಲ್ಲರ ಎದುರು ನನಗೆ ಹೇಳಿದ ಮಾತು ಅದು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂವತ್ತು ವರ್ಷ ಹೊಟ್ಟೆಯಲ್ಲಿ ಇದ್ದದ್ದು ಹಾಗೇ ಎದ್ದು ಬಂದಿತ್ತು.

ಮಾರನೆಯ ದಿನ ಸವಿತಾ ಬರಿಗೈಯಲ್ಲಿ ಬಂದಳು. ವಾರ ಕಳೆದರೂ ಚೀಲವಿಲ್ಲ. ಧನ್ಯಾ, "ಕಬ್ಬು ಎಲ್ಲಿ?" ಅಂದದ್ದಕ್ಕೆ, "ಮುಗ್ದೋಯ್ತು ಪುಟ್ಟ" ಅಂದಳು. ನಲ್ಲಿಯ ಹತ್ತಿರ ರತ್ನಮ್ಮ ಮುಖ ಕೊಡಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ನಿಂತೆ.

"ಬೇಡ ಅಂದ್ಬುಟ್ಳಂತೆ," ಅಂದಳು. "ಅತ್ತೆ ಉತ್ರ ಕೊಟ್ಟಾಯ್ತು ಅಂದ್ಳಂತೆ."

"ನಾನೆಲ್ಲಿ ಕೊಟ್ಟೆ ರತ್ನಾ? ನಾನು ಹೇಳಿದ್ದು ಧಾರಾವಾಹಿ ಮಾತು."

"ಅಲ್ಲ ಕಣಕ್ಕ, ನಾವು ಯಾವತ್ತು ಬರೀ ಧಾರಾವಾಹಿ ಮಾತಾಡಿದೀವಿ?"

ನಾನು ಗೆದ್ದಿದ್ದೆ. ಮಗು ನನ್ನ ಹತ್ತಿರವೇ ಉಳಿಯುತ್ತದೆ. ಆದರೂ ಆ ವಾರ ನಾನು ಮಾಡಿದ ಸಾರು ನನಗೇ ಸೇರಲಿಲ್ಲ. ಸವಿತಾ ಎಂದಿನಂತೆ ಉಪ್ಪು ಸಾಕಾ ಅತ್ತೆ ಅನ್ನುತ್ತಿದ್ದಳು, ನೀರು ಬಂತಾ ಅನ್ನುತ್ತಿದ್ದಳು. ಕಣ್ಣು ಮಾತ್ರ ಎಲ್ಲೋ ಮಂಜಿನಾಚೆ ಇರುತ್ತಿತ್ತು. ಒಂದು ಬೆಳಿಗ್ಗೆ ಅವಳು ಬಸ್ಸಿಗೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಬೀದಿಯ ಕೊನೆಯವರೆಗೂ ಮಂಜು ತುಂಬಿತ್ತು. ಅವಳು ಅದರೊಳಗೆ ಹೋದಳು, ಸೀರೆಯ ಬಣ್ಣ ಮೊದಲು ಅಳಿಸಿತು, ಆಮೇಲೆ ಅವಳು. ಅವಳ ಜಾಗದಲ್ಲಿ ಮೂವತ್ತೆರಡು ವರ್ಷದ ನಾನು ನಡೆದು ಹೋದ ಹಾಗಾಯಿತು. ಕೂಗಿ ಕರೆಯಬೇಕು ಅನ್ನಿಸಿತು. ಯಾರನ್ನು ಕರೆಯಬೇಕೋ ತಿಳಿಯಲಿಲ್ಲ.

ಸಂಕ್ರಾಂತಿಗೆ ಎರಡು ದಿನ ಇತ್ತು. ಪೇಟೆಯಿಂದ ತಂದ ಸಪ್ಪೆ ಕಾಯಿಯ ಕಾಳನ್ನು ಹಿತಕುತ್ತಾ ಕೂತಿದ್ದೆವು. ಕಥೆಯಲ್ಲಿ ಕೊನೆಗೂ ಮೈಥಿಲಿಗೆ ಮದುವೆ, ಮೇಷ್ಟ್ರ ಜೊತೆ. ಷಮೀಮ್ ಮೊದಲಿನ ಪಣ ಗೆದ್ದ ಖುಷಿಯಲ್ಲಿ ಸಿಪ್ಪೆಯ ಬುಟ್ಟಿಯನ್ನು ರತ್ನಮ್ಮನ ಕಡೆ ತಳ್ಳಿಯೂ ಆಗಿತ್ತು. ಅಂಥ ಹೊತ್ತಿನಲ್ಲಿ ಸವಿತಾಳೂ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಟಿವಿಯಲ್ಲಿ ತಾಳಿ ಮೇಷ್ಟ್ರ ಕೈಗೆ ಬಂತು. ಗಾಳಿ ಬೀಸಿತು, ದೀಪ ಆರಿತು. ಛತ್ರದ ಬಾಗಿಲಲ್ಲಿ ಗಡ್ಡ ಬಿಟ್ಟ ಒಬ್ಬ ನಿಂತಿದ್ದ.

"ಫೋಟೋದವ್ನು!" ರತ್ನಮ್ಮ ಚೀರಿದಳು. "ಅಯ್ಯಯ್ಯೋ, ಫೋಟೋದವ್ನು ಬಂದ ಕಣೇ! ಬದ್ಕವ್ನೆ!"

"ಹೊಳೇಲಿ ಹೋಗಿದ್ನಲ್ಲ? ಹೆಣ ಸುಟ್ಟಿದ್ರಲ್ಲ?"

"ಮುಖ ನೋಡಿದ್ರಾ? ನೋಡ್ಲಿಲ್ಲ! ಬಟ್ಟೆ ಮುಚ್ಚಿದ್ರು! ನಾನು ಆವತ್ತೇ ಅಂದಿದ್ದೆ!"

ರತ್ನಮ್ಮ ಆವತ್ತು ಹಾಗೆ ಅಂದೇ ಇರಲಿಲ್ಲ. ಆದರೆ ನಾನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನ ಕಣ್ಣು ಟಿವಿಯಿಂದ ಒಂದು ಮೊಳ ಮೇಲಕ್ಕೆ ಹೋಗಿತ್ತು. ಹೇಳಲು ನಾಚಿಕೆಯಾಗುತ್ತದೆ ಮಕ್ಕಳೇ, ಆದರೂ ಬರೆಯುತ್ತೇನೆ. ಒಂದು ಗಳಿಗೆ ನಾನು ನಂಬಿದೆ. ನಮ್ಮ ಮಹೇಶನ ಮುಖಕ್ಕೂ ಆಸ್ಪತ್ರೆಯವರು ಬಟ್ಟೆ ಮುಚ್ಚಿದ್ದರು. ಗೇಟಿನ ಸದ್ದು ಆಗುತ್ತದೆ, ಬೈಕಿನ ಸ್ಟ್ಯಾಂಡ್ ಹಾಕುವ ಸದ್ದು ಆಗುತ್ತದೆ, "ಅವ್ವ, ಹೊಟ್ಟೆ ಹಸೀತೈತೆ" ಅನ್ನುತ್ತಾನೆ. ನಾನು ಬಾಗಿಲ ಕಡೆ ನೋಡಿದೆ. ಚಿಲಕ ಹಾಕಿರಲಿಲ್ಲ, ಅಷ್ಟೇ ಸಾಕು ಅನ್ನಿಸಿತು.

ಆಗ ಧನ್ಯಾ, ನೀನು ಹತ್ತು ಬೆರಳಿಗೂ ಸಿಪ್ಪೆಯ ಟೋಪಿ ಹಾಕಿಕೊಂಡು ಎದ್ದು ನಿಂತೆ. ಟಿವಿಯವನನ್ನು ನೋಡಿದೆ, ಗೋಡೆಯವನನ್ನು ನೋಡಿದೆ.

"ಅಜ್ಜಿ, ನಮ್ಮ ಫೋಟೋದಪ್ಪ ಯಾವಾಗ ಬರ್ತಾರೆ?"

ಸವಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಬೆನ್ನು ನೋಡಿದ ಮೇಲೆ ನನಗೆ ಗೊತ್ತಾಯಿತು. ನಾನು ಒಂದು ಗಳಿಗೆ ಕಂಡ ಕನಸಿನೊಳಗೆ ಈ ಹುಡುಗಿಯನ್ನು ಇಡೀ ಜನ್ಮ ಕೂರಿಸಲು ಹೊರಟಿದ್ದೆ. ಚಿಲಕ ಹಾಕದ ಬಾಗಿಲನ್ನು ಕಾಯುತ್ತಾ ಕೂತಿರು ಅಂದಿದ್ದೆ.

"ಬರಲ್ಲ ಕಂದ," ಅಂದೆ. "ನಿಮ್ಮಪ್ಪಾಜಿ ಬರಲ್ಲ. ಟಿವೀಲಿ ಬರ್ತಾರೆ, ಮನೇಗೆ ಬರಲ್ಲ."

ಆಮೇಲೆ ಪಾತ್ರೆಯ ಕಡೆ ನೋಡುತ್ತಾ, ಗಟ್ಟಿಯಾಗಿ, ಯಾರಿಗೂ ಅಲ್ಲದ ಹಾಗೆ ಹೇಳಿದೆ. "ಇವ್ನು ಬರ್ಬಾರ್ದಿತ್ತು. ಆ ಹುಡ್ಗಿ ಮೇಷ್ಟ್ರನ್ನ ಮಾಡ್ಕೊಂಡು ಸುಖವಾಗಿ ಇರ್ಬೇಕಿತ್ತು. ಎಲ್ಲಾ ಆ ಅತ್ತೆದೇ ತಪ್ಪು. ಅತ್ತೆ ಮೊದ್ಲೇ ಹೂಂ ಅಂದಿದ್ರೆ ಇಷ್ಟು ತಡ ಆಗ್ತಿರ್ಲಿಲ್ಲ."

"ಯಾವ ಅತ್ತೆ ಜಯಕ್ಕ?" ರತ್ನಮ್ಮ ಕಣ್ಣು ಕಿರಿದು ಮಾಡಿದಳು. "ಆ ಕಥೇಲಿ ಅತ್ತೆ ಸತ್ತು ಮೂರು ತಿಂಗಳಾಯ್ತಲ್ಲ. ಮೆಟ್ಲಿಂದ ಬಿದ್ದು..."

ಷಮೀಮ್ ಮೊಣಕೈಯಿಂದ ಅವಳ ಪಕ್ಕೆಗೆ ತಿವಿದಳು. ರತ್ನಮ್ಮ ನನ್ನನ್ನು ನೋಡಿದಳು, ಸವಿತಾಳನ್ನು ನೋಡಿದಳು, ಆಮೇಲೆ, "ಓ, ಆ ಅತ್ತೆನಾ! ಹೂಂ ಹೂಂ, ಅವ್ಳದೇ ತಪ್ಪು, ಮುಂಡೇದು!" ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಷಮೀಮ್ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನನಗೂ ನಗು ಬಂತು. ನಗುವಿನ ಜೊತೆ ಬೇರೆಯದೂ ಬಂತು.

ಮುಖ ಒರೆಸಿಕೊಂಡು ಕರೆದೆ. "ಸವಿತಾ."

"ಅತ್ತೆ."

"ಈ ಪೇಟೆ ಕಾಯಿ ಚೆನ್ನಾಗಿಲ್ಲ. ಸೊಗಡೇ ಇಲ್ಲ. ನಾಳೆ ಅದೇ ಕಾಯಿ ತಗೊಂಡ್ಬಾ."

ಅವಳು ತಿರುಗಿದಳು. ಎರಡು ವರ್ಷದಲ್ಲಿ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು.

"ಅದೇ ಕಾಯಾ ಅತ್ತೆ?"

"ಅದೇ. ಕೊಡೋರಿಗೆ ಹೇಳು, ಹಬ್ಬಕ್ಕೆ ಅವ್ರ ತಾಯೀನೂ ಕರ್ಕೊಂಡು ಬಂದು ಊಟ ಮಾಡ್ಕೊಂಡು ಹೋಗ್ಲಿ."

ಟಿವಿಯಲ್ಲಿ ಮದುವೆ ನಿಂತು ಎಲ್ಲರೂ ಅಳುತ್ತಿದ್ದರು. ನಾವು ಯಾರೂ ನೋಡಲಿಲ್ಲ. ಅವತ್ತು ಸಿಪ್ಪೆಯನ್ನು ಹಸುವಿಗೆ ನಾನೇ ತೆಗೆದುಕೊಂಡು ಹೋದೆ.

ಮಾರನೆಯ ದಿನ ಷಮೀಮ್ ಒಂದು ಡಜನ್ ಹಸಿರು ಗಾಜಿನ ಬಳೆ ತಂದು ಸವಿತಾಳ ಮುಂದಿಟ್ಟಳು. ಅಳತೆ ಕೇಳಲಿಲ್ಲ. ಎರಡು ವರ್ಷದಿಂದ ಆ ಬರಿಗೈ ನೋಡುತ್ತಲೇ ಇದ್ದಳಲ್ಲ, ಅಳತೆ ಅವಳಿಗೆ ಗೊತ್ತಿತ್ತು.

ಸಂಕ್ರಾಂತಿಗೆ ಚಂದ್ರು ಬಂದರು. ನನಗಿಂತ ಸಂಕೋಚದ ಮನುಷ್ಯ. ಊಟಕ್ಕೆ ಕೂತವರು ತಲೆ ಎತ್ತಲಿಲ್ಲ, ಹಿತಕಿದ ಬೇಳೆ ಸಾರನ್ನು ಮೂರು ಸಲ ಹಾಕಿಸಿಕೊಂಡರು. ಹೋಗುವಾಗ ಚಪ್ಪಲಿ ಹುಡುಕುತ್ತಾ, "ನೀವೂ ನಮ್ಜೊತೇಲೇ ಬಂದ್ಬುಡಿ ಅವ್ವ" ಅಂದರು. ನಾನು ಹೋಗಲಿಲ್ಲ. ಉಪ್ಪಾರಹಳ್ಳಿ ಬಿಟ್ಟರೆ ರತ್ನಮ್ಮನ ಜೊತೆ ಧಾರಾವಾಹಿ ನೋಡುವವರು ಯಾರು ಎಂದು ಹೇಳಿದೆ. ನಿಜವೆಂದರೆ ಇನ್ನೊಬ್ಬ ತಾಯಿಯ ಮನೆಗೆ ಹೋಗಿ ಕೂರಲು ನನಗೆ ನಾಚಿಕೆ. ಮಾಘದಲ್ಲಿ ಮದುವೆಯಾಯಿತು. ಧನ್ಯಾ ನಿಟ್ಟೂರಿಗೆ ಹೋದ ಮೊದಲ ತಿಂಗಳು ನಾನು ದಿಂಬನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದೆ. ಅದು ಕೈಯಷ್ಟು ಭಾರ ಇರಲಿಲ್ಲ. ಆಮೇಲೆ ಶನಿವಾರದ ರೈಲು ಅಭ್ಯಾಸವಾಯಿತು, ಒಂದು ವಾರ ನೀವು ಬರುವುದು, ಒಂದು ವಾರ ನಾನು ಬರುವುದು.

ಫೋಟೋದವನ ಕಥೆ ಏನಾಯಿತು ಎಂದು ಧನ್ಯಾ ಕೇಳಬಹುದು. ಅವನು ಅವನಲ್ಲವಂತೆ, ಅವನ ಅವಳಿ ತಮ್ಮನಂತೆ. ರತ್ನಮ್ಮ ಆ ಬೇಜಾರಿಗೆ ನಾಲ್ಕು ದಿನ ಟಿವಿ ಹಾಕಲಿಲ್ಲ.

ನಮ್ಮ ಮಹೇಶನ ಫೋಟೋ ನಿಟ್ಟೂರಿನ ಹಜಾರದಲ್ಲಿ ಇದೆ, ನೀವು ದಿನಾ ನೋಡುತ್ತೀರಿ. ಧನ್ಯಾಳ ಬಟ್ಟೆಯ ಜೊತೆ ಅದನ್ನೂ ಕಟ್ಟಿ ಕಳಿಸಿ, ಎಲ್ಲಾದರೂ ಒಳಗೆ ಇಟ್ಟುಕೊಳ್ಳಿ ಎಂದು ನಾನು ಹೇಳಿದ್ದೆ. ಮುಂದಿನ ಶನಿವಾರ ಬಂದು ನೋಡಿದರೆ ಗೋಡೆಯ ಮೇಲಿತ್ತು. ಪ್ರೀತಮ್, ಆ ಮೊಳೆ ಹೊಡೆದದ್ದು ನಿಮ್ಮ ಅಪ್ಪ. ಮಗುವಿಗೆ ಎಟುಕುವ ಎತ್ತರದಲ್ಲಿ ಹೊಡೆದಿದ್ದರು. ಅದಕ್ಕೇ ಅದು ನಿಮ್ಮ ಮನೆಯಲ್ಲಿ ಅಷ್ಟು ಕೆಳಗಿದೆ.

ಪ್ರೀತಮ್, ನಾನು ನಿಮ್ಮಪ್ಪನ ಅಮ್ಮ ಅಲ್ಲ, ನಿಮ್ಮಮ್ಮನ ಅಮ್ಮ ಅಲ್ಲ. ನೀನು ಸರಿಯಾಗಿಯೇ ಹೇಳಿದೆ. ಒಂದು ಸಂಜೆ ನಿಮ್ಮಮ್ಮನಿಗೆ ಅವರೆಕಾಯಿ ತರಲು ಹೇಳಿದವಳು ನಾನು. ನಿನಗೆ ನಾನು ಅಜ್ಜಿಯಾದದ್ದು ಹೀಗೆ.